ಎಂಟನೆಯ ಪೆಟ್ಟು

ಡಬ್, ಡಬ್. ಬಸ್ಸಿನ ಮೈಮೇಲೆ ಕಂಡಕ್ಟರನ ಅಂಗೈ ಬೀಳುವ ಸದ್ದು. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎರಡು ಪೆಟ್ಟು ಬಿದ್ದರೆ ಹೊರಡು, ಒಂದೇ ಬಿದ್ದರೆ ನಿಲ್ಲು. ಸೀಟಿ ಬಂತು, ಗಂಟೆ ಬಂತು, ತಗಡಿನ ಈ ಗ್ರಾಮರ್ ಮಾತ್ರ ಬದಲಾಗಲಿಲ್ಲ. ನನ್ನ ಕಿವಿಯಲ್ಲಿ ಇಂಥದೇ ಒಂದು ಹಳೆಯ ಸದ್ದು ಉಳಿದುಕೊಂಡಿದೆ, ಹುನಗುಂದದ ಬಸ್‌ಸ್ಟ್ಯಾಂಡಿನದು. ಅದಕ್ಕೆ ಆಮೇಲೆ ಬರುತ್ತೇನೆ. ವಯಸ್ಸಾದವರ ಮಾತು ಆರ್ಡಿನರಿ ಬಸ್ಸಿನ ಹಾಗೆ, ಕೈ ಮಾಡಿದಲ್ಲೆಲ್ಲ ನಿಲ್ಲುತ್ತದೆ. ನೀವು ಸ್ವಲ್ಪ ಸರಿದು ಕೂತುಕೊಳ್ಳಿ.

ಕಳೆದ ವಾರ ಈ ಡಬ್ ಡಬ್ ಕೇಳಿಸಿದಾಗ ನಾನು ಬಾಗಲಕೋಟೆಯ ನವನಗರದಲ್ಲಿ, ಒಂದು ಮಹಡಿಯ ಮೇಲೆ, ಕೀಬೋರ್ಡ್ ಕ್ಲಾಸಿನಲ್ಲಿ ಕೂತಿದ್ದೆ. ನಗಬೇಡಿ. ಎಪ್ಪತ್ತು ದಾಟಿದ ಮೇಲೆ ಮತ್ತೆ ಸಂಗೀತದ ಥಿಯರಿ ಕಲಿಯುವ ಹುಕಿ ಬಂದಿದೆ. ಕ್ಲಾಸಿನ ಉಳಿದವರಿಗೆಲ್ಲ ಈಗಷ್ಟೇ ಹಾಲುಹಲ್ಲು ಬೀಳುತ್ತಿವೆ. ಹಲ್ಲಿಲ್ಲದ ಮಟ್ಟಿಗೆ ನಾವೆಲ್ಲ ಒಂದೇ ಬ್ಯಾಚು. ಟೀಚರ್ ಬಾದಾಮಿಯ ಹುಡುಗಿ. ನಾನು ಆಕೆಯನ್ನು ಮಿಸ್ ಎನ್ನುತ್ತೇನೆ, ಆಕೆ ನನ್ನನ್ನು ಆಂಟಿ ಎನ್ನುತ್ತಾಳೆ, ಇಬ್ಬರಿಗೂ ಸ್ವಲ್ಪ ಮುಜುಗರ. ಅವತ್ತು ಆಕೆ ಹೋಮ್‌ವರ್ಕ್ ಕೊಟ್ಟಳು.

"ನಾಕ್ ಬಾರ್ ಬರ್ಕೊಂಡ್ ಬರ್ರಿ ಎಲ್ಲಾರೂ. ರಿದಮ್ ಇಂಟರೆಸ್ಟಿಂಗ್ ಇರಬೇಕ. ಸುಮ್ನ ಒನ್, ಟೂ, ಥ್ರೀ, ಫೋರ್ ಅಂತ ಬಡಕೊಂಡ್ ಬಂದ್ರ ನಾ ನೋಡಂಗಿಲ್ಲ."

ಬಾರ್ ಎಂದರೆ ತಾಳದ ಒಂದು ಸುತ್ತು. ಮಕ್ಕಳು ಮುಖ ಕಿವುಚಿದರು. ನನಗೆ ಒಳಗೊಳಗೇ ನಗೆ. ಇಂಟರೆಸ್ಟಿಂಗ್ ರಿದಮ್ ಬರೆಯಲು ಹೋದವಳ ಪಾಡು ಏನಾಗುತ್ತದೆ ಎಂದು ನನ್ನನ್ನು ಕೇಳಬೇಕಿತ್ತು.

ಚಿಕ್ಕಂದಿನಲ್ಲಿ ನಾನು ಕಾನ್ವೆಂಟಿನ ಬೋರ್ಡಿಂಗಿನಲ್ಲಿದ್ದೆ, ಮನೆಯಿಂದ ದೂರ. ರಜೆಗೆ ಬಾಗಲಕೋಟೆಗೆ ಬಂದರೆ ಎಡಗೈಯಲ್ಲಿ ಸ್ಪೂನು, ಬಲಗೈಯಲ್ಲಿ ಗರ್ವ. ಅಲ್ಲಿ ಮ್ಯೂಸಿಕ್ ಕಲಿಸುವ ಸಿಸ್ಟರ್ ಒಬ್ಬರಿದ್ದರು. ಪಿಯಾನೋ ಮುಟ್ಟುವ ಮೊದಲು ಟೇಬಲ್ ಮೇಲೆ ಬೆರಳಿನಿಂದ ತಾಳ ಬಾರಿಸಿ ತೋರಿಸಬೇಕು. ಖಾಲಿ ಪೆಟ್ಟು ಬಂದಾಗ ನಾನು ಅವಸರದಲ್ಲಿ ಹಾರಿಸಿಬಿಡುತ್ತಿದ್ದೆ. ಅವರು ಕನ್ನಡಕದ ಮೇಲಿಂದ ನೋಡಿ, "ರೆಸ್ಟ್ ಈಸ್ ನಾಟ್ ಎ ಹಾಲಿಡೇ, ಚೈಲ್ಡ್. ಕೌಂಟ್ ಇಟ್" ಎನ್ನುತ್ತಿದ್ದರು. ಆ ವರ್ಷ ಅವರು ಏಳು ಪೆಟ್ಟಿನ ಬಾರ್ ಒಂದನ್ನು ಬೋರ್ಡಿನ ಮೇಲೆ ಬರೆದರು. ಮೂರು, ನಾಲ್ಕು. ಕುಂಟುತ್ತಲೇ ಕುಣಿಯುವ ನಡೆ. ನಾನು ಮರುಳಾಗಿಬಿಟ್ಟೆ. ಇದನ್ನು ಸಿಸ್ಟರ್ ಯುರೋಪಿನಿಂದ ಪೆಟ್ಟಿಗೆಯಲ್ಲಿ ಹಾಕಿಕೊಂಡು ಬಂದಿದ್ದಾರೆ ಎಂದೇ ನಂಬಿದ್ದೆ. ಭಾಮಿನಿ ಷಟ್ಪದಿ ಈ ಮೂರು-ನಾಲ್ಕರ ಕುದುರೆ ಏರಿಯೇ ಶತಮಾನಗಟ್ಟಲೆ ಓಡಾಡಿದೆ ಎಂಬುದು ಕನ್ನಡದ ಪೀರಿಯಡ್ಡಿನಲ್ಲಿ ಎಚ್ಚರವಾಗಿದ್ದವರಿಗೆ ಗೊತ್ತಿತ್ತು.

ಆ ಬೇಸಿಗೆಯಲ್ಲಿ ನಮ್ಮ ಅಕ್ಕನ ಮದುವೆ. ಬೀಗರು ಇಳಕಲ್ಲಿನವರು, ಸೀರೆ ವ್ಯಾಪಾರದ ದೊಡ್ಡ ಮನೆತನ. ನಮ್ಮ ಮನೆಯಲ್ಲಿ ಮಾತು ನಡೆಯುತ್ತಿದ್ದದ್ದು ಅಪ್ಪನ ಅಕ್ಕ ಗೌರತ್ತಿಯದು. ಅವ್ವ ಬಾಯಿ ತೆರೆಯುವುದರೊಳಗೆ ಅವಳು ಮಾತು ಮುಗಿಸಿರುತ್ತಿದ್ದಳು. ಗೌರತ್ತಿಗೆ ನನ್ನ ಪಿಯಾನೋ ಕಲಿಕೆ ಕಂಡರೆ ಆಗುತ್ತಿರಲಿಲ್ಲ. ಮದುವೆಗೆ ವಾರವಿರುವಾಗ ಅಪ್ಪನ ಮುಂದೆ ಮಾತು ತೆಗೆದಳು.

"ಆ ಟೊಂಯ್ ಟೊಂಯ್ ಸಾಕು ಮಾಡ್ಸು ಇನ್ನ. ಮನ್ಯಾಗ ಇದ್ದು ನಾಕು ಕೆಲ್ಸ ಕಲೀಲಿ. ಆಕೀ ಬಡದ ರೊಟ್ಟಿ ನೋಡೀಯೇನು, ಇಂಗ್ಲೆಂಡಿನ ನಕಾಶಿ ಆಗಿರ್ತೈತಿ."

"ಮದವಿ ಒಂದ್ ಮುಗೀಲಿ, ನೋಡೂಣು" ಎಂದ ಅಪ್ಪ. ಅಪ್ಪನ ನೋಡೂಣು ಯಾವತ್ತೂ ಗೌರತ್ತಿ ಕಡೆಗೇ ವಾಲುತ್ತಿತ್ತು.

"ಅತ್ತಿ, ಥಿಯರಿ ಅಂದ್ರ ಏನಂತ ನಿನಗೇನ್ ಗೊತ್ತು?" ಎಂದೆ.

"ಹೌದೇನು? ಹಂಗಿದ್ರ ಬೀಗರ ಊಟಕ್ಕ ಒಂದು ಹಾಡು ಕಟ್ಟು. ಅವರ ಹೆಣ್ಮಕ್ಕಳ ಬಾಯಿ ಬಂದಾಗಬೇಕು. ಗೆಲ್ಲಿಸಿದೀ, ಹೋಗು ನಿನ್ನ ಕಾನ್ವೆಂಟ್ ಸಾಲಿಗೆ. ಸೋತೀ, ರೊಟ್ಟಿ ಹಿಟ್ಟಿನ ಕೊಣಮಗಿ ಮುಂದ ಕುಂದ್ರು."

ಬೀಗರ ಹಾಡು ನಿಮಗೆ ಗೊತ್ತಲ್ಲ. ಗಂಡಿನ ಕಡೆಯವರು ಪಂಕ್ತಿಯಲ್ಲಿ ಕೂತು ಹೋಳಿಗೆಗೆ ಕೈ ಹಾಕಿದಾಗ ಹೆಣ್ಣಿನ ಕಡೆಯ ಹೆಂಗಸರು ಚಪ್ಪಾಳೆ ತಟ್ಟುತ್ತ ಅವರ ಮಾನ ಹರಾಜು ಹಾಕುವುದು, ಅವರ ಹೆಂಗಸರು ಅದೇ ಧಾಟಿಯಲ್ಲಿ ತಿರುಗಿ ಕೊಡುವುದು. ಉತ್ತರ ಹೊಳೆಯದವರು ಸೋತಂತೆ. ಅವರ ಕಡೆಗೆ ವರನ ಸೋದರತ್ತೆ ನೀಲವ್ವ ಎಂಬ ಹೆಂಗಸು ಇದ್ದಾಳೆ, ಆಕೆಯ ಬಾಯಿಗೆ ಇದುವರೆಗೆ ಯಾರೂ ಬೀಗ ಹಾಕಿಲ್ಲ ಎಂದು ಸುದ್ದಿ ಬಂದಿತ್ತು.

ನನ್ನ ತಲೆಯಲ್ಲಿ ಬಲ್ಬು ಹತ್ತಿತು. ಎಲ್ಲ ಬೀಗರ ಹಾಡುಗಳೂ ನಾಲ್ಕರ ಚಪ್ಪಾಳೆಯವು. ನಾನು ಏಳರಲ್ಲಿ ಬರೆದರೆ? ಅದೇ ಧಾಟಿಯಲ್ಲಿ ಉತ್ತರ ಕೊಡಲು ಹೋದ ನೀಲವ್ವನ ಕೈ ತಪ್ಪಬೇಕು, ಬಾಯಿ ತೊದಲಬೇಕು. ಬ್ರಿಲಿಯಂಟ್ ಎಂದು ನನಗೆ ನಾನೇ ಹೇಳಿಕೊಂಡು ಬರೆದೆ:

ಬಂದ ಬೀಗರ
ಮೀಸಿ ನೋಡಿರಿ
ಬೆಣ್ಣಿ ಮೆತ್ತಿದ
ಬೆಕ್ಕಿನಂಗರಿ

ಸಾಲಿಗೆ ಏಳು, ಅಳತೆ ಹಿಡಿದಂತೆ. ವರನ ತಂದೆಯ ಮೀಸೆ ನಿಜಕ್ಕೂ ಬೆಕ್ಕಿನದಾಗಿತ್ತು. ಅದರಲ್ಲಿ ನನ್ನ ಕಲ್ಪನೆ ಏನೂ ಇಲ್ಲ.

ತೊಂದರೆ ಬಂದದ್ದು ಶತ್ರುಪಾಳಯದಿಂದಲ್ಲ. ನಮ್ಮ ಅತ್ತೆಯರು, ಚಿಗವ್ವಂದಿರು ರಿಹರ್ಸಲ್ಲಿಗೆ ಕೂತರು. ಹುಟ್ಟಿದಾಗಿನಿಂದ ರೊಟ್ಟಿ ಬಡಿದ ಕೈಗಳು. ಸಾಲು ಮುಗಿದರೂ ಕೈ ನಿಲ್ಲುವುದಿಲ್ಲ, ಎಂಟನೆಯ ಚಪ್ಪಾಳೆ ಬಿದ್ದೇ ಬೀಳುತ್ತದೆ.

"ಇಲ್ಲೊಂದು ಚಪ್ಪಾಳಿ ಕಮ್ಮಿ ಐತಲ್ಲ, ಎಲ್ಲಿ ಹೋತು?" ಎಂದಳು ಚಿಗವ್ವ, ಕಳೆದ ಸೌಟು ಹುಡುಕುವವಳ ಹಾಗೆ ಆಚೀಚೆ ನೋಡುತ್ತ.

"ಅದು ಇಲ್ಲಾ ಚಿಗವ್ವ. ಬೇಕಂತನ ಬಿಟ್ಟೇನಿ."

"ಮದವಿ ಮನ್ಯಾಗ ಯಾಕ ಕಂಜೂಸತನ? ಹಾಕವ್ವ ಇನ್ನೊಂದು."

ನಾನು ಸಿಸ್ಟರ್ ಹಾಗೆ ಮರದ ಸ್ಕೇಲು ಹಿಡಿದು ನಿಂತೆ. ಕೌಂಟ್, ಕೌಂಟ್ ಎಂದೆ. ಅವರು ನನ್ನನ್ನು ಕೌಂಟ್ ಬಾಯಿ ಎಂದು ಕರೆಯತೊಡಗಿದರು. ಆ ಹೆಸರು ಈಗಲೂ ಕೆಲವರ ಬಾಯಲ್ಲಿದೆ.

ಮದುವೆಯ ದಿನ ಊಟದ ಪಂಕ್ತಿ ಕೂತಿತು. ಗೌರತ್ತಿ ಕಣ್ಣಲ್ಲೇ ಶುರು ಮಾಡು ಎಂದಳು. ಬಂದ ಬೀಗರ ಎಂದು ಎತ್ತಿದೆವು. ನಮ್ಮ ಅರ್ಧ ಹೆಂಗಸರು ಏಳಕ್ಕೆ ನಿಂತರು, ಅರ್ಧ ಎಂಟಕ್ಕೆ ಹೋದರು. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಚಿಗವ್ವ ಮೀಸೆಯಲ್ಲಿದ್ದಳು, ಅವ್ವ ಇನ್ನೂ ಬೀಗರಲ್ಲಿದ್ದಳು, ಗೌರತ್ತಿ ಇಬ್ಬರನ್ನೂ ಬಿಟ್ಟು ಬೆಣ್ಣೆಗೆ ಕೈ ಹಾಕಿದ್ದಳು. ಪಂಕ್ತಿಯಲ್ಲಿ ಕಿಸಿಕಿಸಿ ಶುರುವಾಯಿತು. ಒಬ್ಬೊಬ್ಬರಾಗಿ ಬಾಯಿ ಮುಚ್ಚಿ, ಕೊನೆಗೆ ಹಾಡುತ್ತಿದ್ದವಳು ನಾನೊಬ್ಬಳೇ. ನನ್ನ ಪಿಯಾನೋದ ಮುಚ್ಚಳ ಬೀಳುವ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಆದರೂ ಬಿಡಲಿಲ್ಲ, ಮತ್ತೆ ಮೊದಲಿನಿಂದ ಎತ್ತಿದೆ.

"ಬಂದ ಬೀಗರ..."

"ಹೂಂ" ಎಂದಿತು ಎದುರಿನಿಂದ ಒಂದು ದಪ್ಪ ಧ್ವನಿ.

ನೀಲವ್ವ. ಕೆಂಪು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕಥೆ ಹೇಳುವ ಕೂಸಿಗೆ ಹೂಂಗುಟ್ಟುವ ಹಾಗೆ, ಸರಿಯಾಗಿ ನಾನು ಖಾಲಿ ಬಿಟ್ಟಲ್ಲಿ.

"ಮೀಸಿ ನೋಡಿರಿ..."

"ಹೂಂ."

"ಬೆಣ್ಣಿ ಮೆತ್ತಿದ..."

"ಹೂಂ."

"ಬೆಕ್ಕಿನಂಗರಿ..."

"ಮ್ಯಾಂವ್" ಎಂದಳು ನೀಲವ್ವ.

ವರನ ತಂದೆಯೇ ಮೊದಲು ನಕ್ಕರು, ಮೀಸೆಗೆ ಹೋಳಿಗೆಯ ತುಪ್ಪ ಹತ್ತಿಸಿಕೊಂಡು. ಮರುಸಲಕ್ಕೆ ಎರಡೂ ಕಡೆಯ ಹೆಂಗಸರು ಸೇರಿ ಹಾಡಿದರು. ಖಾಲಿ ಪೆಟ್ಟು ಬಂದಲ್ಲೆಲ್ಲ ಪಂಕ್ತಿಯ ಗಂಡಸರು ಹೂಂ ಎಂದರು, ಕೊನೆಗೆ ಚಪ್ಪರವೇ ಮ್ಯಾಂವ್ ಎಂದಿತು. ಎಲ್ಲರಿಗಿಂತ ಸಿಟ್ಟಾದವಳು ನಾನು.

"ತಪ್ಪು ತಪ್ಪು. ಅದು ಏಳು" ಎಂದು ಆಕೆಯ ಮುಂದೆ ಹೋಗಿ ನಿಂತೆ. "ನೀವು ಎಂಟು ಮಾಡಿದ್ರಿ."

"ಏಳಕ್ಕ ನೀ ನಿಂತ್ರ, ಎಂಟನೇದು ಸುಮ್ನ ಬಿದ್ದಿತ್ತವ್ವ. ನಾ ತಗೊಂಡೆ" ಎಂದಳು ನೀಲವ್ವ. "ಏನ್, ವಾಪಸ್ ಬೇಕೇನು?"

ಅಷ್ಟರಲ್ಲಿ ಗೌರತ್ತಿ ತೀರ್ಪು ಕೊಟ್ಟಾಗಿತ್ತು: ನಾವು ಸೋತೆವು, ಹುಡುಗಿ ಮನೆಯಲ್ಲೇ ಇರುತ್ತಾಳೆ. ನೀಲವ್ವ ಎಲೆಅಡಿಕೆ ಮಡಿಸುತ್ತಲೇ ಪಂಥದ ವಿಷಯ ವಿಚಾರಿಸಿಕೊಂಡಳು, ಮಡಿಸುತ್ತಲೇ ಅಪ್ಪನ ಕಡೆ ತಿರುಗಿದಳು.

"ಬೀಗರ, ಆಕೀನ ಸಾಲಿ ಬಿಡಸಬ್ಯಾಡ್ರಿ."

"ಸೋತು ಬಂದಾಕೀನ ಯಾಕ ಕಲಸಬೇಕ್ರಿ?" ಎಂದಳು ಗೌರತ್ತಿ.

"ಅದಕ್ಕ ಅಂತೇನಿ. ನಮ್ಮ ಮನ್ಯಾಗ ಇನ್ನ ಭಾಳ ಮದವಿ ಅದಾವು. ಕಲ್ತಾಕಿ ಸೋತ್ರ ನನಗೂ ಮಜಾ. ನಿಮ್ಮಂಥಾರ್ನ ಸೋಲಿಸಿ ನನಗ ಬ್ಯಾಸರಾಗೇತಿ."

ಅಪ್ಪ ನಕ್ಕುಬಿಟ್ಟ. ಜೂನಿನಲ್ಲಿ ನನ್ನ ಟ್ರಂಕು ಬೋರ್ಡಿಂಗಿಗೆ ಹೊರಟಿತು. ಸಿಸ್ಟರ್‌ಗೆ ಹಾಡನ್ನು ನೊಟೇಶನ್ನಿನಲ್ಲಿ ಬರೆದು ತೋರಿಸಿ ನಡೆದದ್ದು ಹೇಳಿದೆ. ಅವರು ಗಂಭೀರವಾಗಿ ಪಿಯಾನೋದಲ್ಲಿ ನುಡಿಸಿದರು. ನಾಲ್ಕನೆಯ ಸಾಲಿನ ತುದಿಗೆ ಬಂದಾಗ ಬೆರಳೆತ್ತಿ, ಕದದ ಕಡೆ ಒಮ್ಮೆ ನೋಡಿ, ತಾವೇ ಮೆಲ್ಲಗೆ ಮ್ಯಾಂವ್ ಎಂದರು.

ಅಲ್ಲಿಂದ ಶುರುವಾದದ್ದು ವರ್ಷಗಟ್ಟಲೆ ನಡೆಯಿತು. ಆ ಮನೆಯಲ್ಲಿ ಯಾರದೇ ಮದುವೆ, ತೊಟ್ಟಿಲು, ಸೀಮಂತ ಇರಲಿ, ನಾನೊಂದು ಹೊಸ ಬೋನು ಹೂಡಿಕೊಂಡು ಹೋಗುತ್ತಿದ್ದೆ. ಐದರ ತಾಳ ಮಾಡಿದೆ. ಪೆಟ್ಟು ಬಿದ್ದ ಮೇಲೆ ಮಾತು ಶುರುವಾಗುವ ಹಾಡು ಮಾಡಿದೆ. ಥಿಯರಿಯಲ್ಲಿ ಅದಕ್ಕೆ ಸಿಂಕೋಪೇಶನ್ ಎನ್ನುತ್ತಾರೆ, ನೀಲವ್ವ ಅದಕ್ಕೆ ಬಿಕ್ಕಳಿಕೆ ಎಂದಳು. ಪ್ರತಿ ಸಲವೂ ಎಲ್ಲೋ ಒಂದು ಸಂದು ಹುಡುಕಿ ಒಳಗೆ ಬರುತ್ತಿದ್ದಳು. ನಡುವೆ ನನ್ನ ಮದುವೆಯಾಯಿತು, ಇಂಗ್ಲಿಷ್ ಟೀಚರ್ ಆದೆ, ಪಿಯಾನೋ ಎಲ್ಲಿಂದ ಬರಬೇಕು? ಹೊಸದೇನು ಬರೆದೆ ಎಂದು ಕೇಳುವವಳು ಜಗತ್ತಿನಲ್ಲಿ ಅವಳೊಬ್ಬಳೇ ಉಳಿದಳು.

ಕಡೆಗೊಮ್ಮೆ ಹುನಗುಂದದಲ್ಲಿ, ಅಕ್ಕನ ಮೊಮ್ಮಗಳ ತೊಟ್ಟಿಲಿಗೆ, ಒಂದೇ ಒಂದು ಸಂದಿಯಿಲ್ಲದ ಹಾಡು ಹೊಸೆದುಕೊಂಡು ಹೋದೆ. ಪ್ರತಿ ಪೆಟ್ಟಿಗೂ ಒಂದು ಮಾತು, ಇರುವೆಯೂ ನುಸುಳಬಾರದು. ಒಂದೇ ಉಸಿರಿನಲ್ಲಿ ಹಾಡಿ ಮುಗಿಸಿದೆ. ನೀಲವ್ವ, ಆಗ ಪೂರ್ತಿ ಬಿಳಿಗೂದಲು, ಕೊನೆಯವರೆಗೂ ಕೇಳಿದಳು. ಎಲ್ಲೂ ಒಳಗೆ ಬರಲಿಲ್ಲ. ಗೆದ್ದೆ ಎಂದುಕೊಂಡೆ. ಅಷ್ಟು ವರ್ಷ ಬಯಸಿದ ಗೆಲುವು ಬಾಯಲ್ಲಿ ಉಪ್ಪಿಲ್ಲದ ಸಾರಿನ ಹಾಗಿತ್ತು.

"ಎಲ್ಲಾ ನೀನ ತುಂಬೀದೀ" ಎಂದಳು ಆಮೇಲೆ. "ನಾ ಎಲ್ಲಿ ಕುಂದರ್ಲಿ?"

ಮೊನ್ನೆ ಮಿಸ್‌ಗೆ ಹೋಮ್‌ವರ್ಕ್ ತೋರಿಸಿದೆ. ನಾಲ್ಕು ಬಾರ್, ಬಾರಿಗೆ ಎಂಟು ಪೆಟ್ಟು, ಏಳಕ್ಕೆ ಸ್ವರ. ಆಕೆ ಪೆನ್ಸಿಲು ಇಟ್ಟು ನೋಡಿದಳು.

"ಆಂಟಿ, ಎಂಟನೇದು ಎಲ್ಲಾ ಬಾರಿನ್ಯಾಗೂ ಖಾಲಿ ಬಿಟ್ಟೀರಲ್ರಿ?"

"ಖಾಲಿ ಇಲ್ರಿ ಮಿಸ್. ಟವೆಲ್ ಹಾಕೇನಿ."

ಹಲ್ಲಿಲ್ಲದ ನನ್ನ ಬ್ಯಾಚ್‌ಮೇಟುಗಳು ನಕ್ಕರು. ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಎಸೆಯುವುದು ಅವರಿಗೂ ಗೊತ್ತು. ಅವರಿಗೆ ಗೊತ್ತಿಲ್ಲದ್ದು ಇಷ್ಟೇ: ತೊಟ್ಟಿಲಿನ ಆ ಸಂಜೆ ಹುನಗುಂದದ ಬಸ್‌ಸ್ಟ್ಯಾಂಡಿನಲ್ಲಿ ಇಳಕಲ್ಲಿನ ಬಸ್ಸಿಗೆ ನೀಲವ್ವನಿಗಾಗಿ ಟವೆಲ್ ಎಸೆದವಳು ನಾನು. ಕಿಟಕಿಯ ಸೀಟು ಸಿಕ್ಕಿತು. ನಾನು ಕೆಳಗೆ ನಿಂತೆ. ಇಬ್ಬರೂ ಹಾಡಿನ ಮಾತೆತ್ತಲಿಲ್ಲ. ಕಂಡಕ್ಟರ್ ಎರಡು ಬಡಿದ, ಬಸ್ಸು ಸರಿಯತೊಡಗಿತು. ಆಗ ನೀಲವ್ವ ಕಿಟಕಿಯಿಂದ ಕೈ ಇಳಿಬಿಟ್ಟು ತಗಡಿನ ಮೇಲೆ ಬೆರಳಿನಿಂದ ಬಾರಿಸಿದಳು. ಮೂರು, ನಾಲ್ಕು. ಅಲ್ಲಿಗೆ ನಿಲ್ಲಿಸಿ, ಕೈ ಹಾಗೇ ಎತ್ತಿ ಹಿಡಿದು ನನ್ನನ್ನೇ ನೋಡಿದಳು.

ನಾನು ಬಸ್ಸಿನ ಜೊತೆ ಎರಡು ಹೆಜ್ಜೆ ಓಡಿ ಎಂಟನೆಯದನ್ನು ಅಂಗೈಯಿಂದ ಬಡಿದೆ. ಡಬ್.

ಬಸ್ಸು ಗಕ್ಕನೆ ನಿಂತಿತು.

"ಯಾರ್ರೀ ಅದು ಬಡದಾರು?" ಎಂದು ಕಂಡಕ್ಟರ್ ಬಾಗಿಲಿನಿಂದ ಕತ್ತು ಚಾಚಿದ. ನೀಲವ್ವ ಏನೂ ಅರಿಯದ ಮುದುಕಿಯ ಮುಖ ಮಾಡಿಕೊಂಡು, ಎತ್ತಿದ ಅದೇ ಕೈಯಿಂದ ನನ್ನನ್ನು ತೋರಿಸಿದಳು. ಆತ ಬೈಯುತ್ತಲೇ ಎರಡು ಬಡಿದ. ಬಸ್ಸು ಇಳಕಲ್ಲಿನ ರಸ್ತೆಗೆ ಹೊರಳುವವರೆಗೂ ಆ ಬೆರಳು ಕಿಟಕಿಯಿಂದ ಹೊರಗೆ, ನನ್ನ ಕಡೆಗೇ ಇತ್ತು. ನಾನು ಅವಳನ್ನು ಕಂಡದ್ದು ಅದೇ ಕೊನೆ.