ಬಂಗಾರಕ್ಕೆ ಪಾಲಿಶ್ ಮಾಡುವವರು ಬಂದಿದ್ದರು

ಬೀದರಿನ ನಮ್ಮ ಓಣಿಗೆ ಆ ಹೆಣ್ಣುಮಗಳು ಮೊದಲ ಸಲ ಬಂದಾಗ ನಾನು ಬಾಗಿಲನ್ನು ಪೂರ್ತಿ ತೆಗೆಯಲಿಲ್ಲ. ಮೈಮೇಲೆ ಖಾಕಿ, ಕೈಯಲ್ಲೊಂದು ನೋಟ್‌ಬುಕ್ಕು, ಬಗಲಿಗೆ ನೀರಿನ ಬಾಟಲಿ ಇದ್ದ ಚೀಲ. ವಯಸ್ಸು ಮೂವತ್ತರ ಆಚೀಚೆ ಇರಬಹುದು.

"ನಮಸ್ಕಾರ್ರಿ. ಈ ಓಣಿ ಬೀಟ್ ಪೊಲೀಸ್ ನಾನು. ಏನೂ ಆಗಿಲ್ಲ, ಅಂಜಬ್ಯಾಡ್ರಿ. ನಿಮ್ಮ ಪರಿಚಯ ಮಾಡ್ಕೊಳ್ಲಾಕ ಬಂದೇನಿ," ಎಂದಳು.

ಪೊಲೀಸರು ಒಬ್ಬರ ಮನೆಗೆ ಬಂದರೆ ಎದುರು ಮನೆಯ ಕಿಟಕಿ ತೆರೆದುಕೊಳ್ಳುತ್ತದೆ. ನನ್ನ ಗಮನವೆಲ್ಲ ಆ ಕಿಟಕಿಯ ಮೇಲೇ ಇತ್ತು. ಮನೆಯಲ್ಲಿ ಯಾರ್ಯಾರು ಇದ್ದೀರಿ, ಬಾಡಿಗೆಯವರು ಇದ್ದಾರೆಯೇ, ಹಗಲು ಒಬ್ಬರೇ ಇರುತ್ತೀರಾ ಎಂದು ಕೇಳಿದಳು. ಒಂದೊಂದೇ ಮಾತಿನಲ್ಲಿ ಉತ್ತರ ಕೊಟ್ಟೆ. ಹೋಗುವಾಗ ತನ್ನ ಫೋನ್ ನಂಬರ್ ಬರೆದ ಚೀಟಿ ಕೊಟ್ಟಳು.

"ಗುರುತಿಲ್ಲದೋರು ಬಂದು ಮೀಟರ್ ನೋಡ್ತೇವಿ, ಭಾಂಡೆ-ಪಾತ್ರಿಗಿ ಪಾಲಿಶ್ ಮಾಡ್ತೇವಿ ಅಂದ್ರ ಒಳಗ ಬಿಡಬ್ಯಾಡ್ರಿ. ನನಗೊಂದು ಫೋನ್ ಹಚ್ರಿ."

ನನಗೆ ನಗು ಬಂತು. "ಮೂವತ್ತು ವರ್ಷ ಹೈಸ್ಕೂಲಿನಾಗ ವಿಜ್ಞಾನ ಕಲಿಸೇನಿ, ತಂಗಿ. ನನಗ ಯಾರು ಮೋಸ ಮಾಡ್ತಾರ?"

ಆಕೆಗೆ ಸಿಟ್ಟು ಬರಲಿಲ್ಲ. "ಹಾಂಗಾದ್ರ ಛಲೋ ಆತ್ರಿ, ಟೀಚರ್," ಎಂದು ಪಕ್ಕದ ಮನೆಯ ಬಾಗಿಲು ಬಡಿಯಲು ಹೋದಳು. ಆ ಚೀಟಿಯನ್ನು ನಾನು ಎಲ್ಲಿಟ್ಟೆನೋ ನನಗೇ ನೆನಪಿಲ್ಲ.

ನನ್ನ ಕೈಯಲ್ಲಿ ಆಗ ನಾಲ್ಕು ಬಂಗಾರದ ಬಳೆಗಳಿದ್ದವು. ನಮ್ಮವ್ವ ಭಾಲ್ಕಿ ಕಡೆಯ ಹಳ್ಳಿಯಲ್ಲಿ ಕಂಡವರ ಹೊಲದಲ್ಲಿ ಕಳೆ ಕಿತ್ತು ನನ್ನನ್ನು ಓದಿಸಿದವಳು. ನಮ್ಮ ಮನೆತನದಲ್ಲಿ ಸಾಲಿ ಮೆಟ್ಟಿಲು ಹತ್ತಿದ ಮೊದಲ ಹೆಣ್ಣು ನಾನು. ನನಗೆ ನೌಕರಿ ಸಿಕ್ಕ ವರ್ಷ ಅವ್ವ ತನ್ನ ಕಿವಿಯದು, ಮೂಗಿನದು, ಕೊರಳಿನದು ಎಲ್ಲ ಕರಗಿಸಿ, ನನ್ನ ಪಗಾರದ ಒಂದಿಷ್ಟು ಸೇರಿಸಿ ಆ ಬಳೆ ಮಾಡಿಸಿದ್ದಳು. "ಬೋರ್ಡ್ ಮ್ಯಾಲ ಬರಿಯೋ ಕೈ, ಬರಿಗೈ ಇರಬಾರದು," ಎಂದಿದ್ದಳು. ಅವ್ವ ಹೋಗಿ ಬಹಳ ವರ್ಷವಾಯಿತು. ಬಳೆಗಳನ್ನು ನಾನು ಎಂದೂ ತೆಗೆದಿರಲಿಲ್ಲ.

ಕೆಲವು ವಾರ ಕಳೆದವು. ಒಂದು ದಿನ ಬೆಳಗಿನ ಹನ್ನೊಂದು ಗಂಟೆಯ ಹೊತ್ತು. ಯಜಮಾನರು ಭಾಲ್ಕಿಗೆ ಹೋಗಿದ್ದರು. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೊರಳಿಗೆ ಕಾರ್ಡು ಹಾಕಿಕೊಂಡ ಇಬ್ಬರು ಗಂಡಸರು ಬಂದರು. ಹೊಸ ಪಾಲಿಶ್ ಪುಡಿ ಬಂದಿದೆ, ತೋರಿಸಿ ಹೋಗುತ್ತೇವೆ, ಕೊಳ್ಳಲೇಬೇಕೆಂದೇನೂ ಇಲ್ಲ ಎಂದರು. ಬಾಗಿಲಲ್ಲೇ ನಿಂತು ತಾಮ್ರದ ಚರಿಗಿಯೊಂದನ್ನು ಉಜ್ಜಿದರು. ಅದು ಹೊಸದರಂತೆ ಹೊಳೆಯಿತು. ಗೋಡೆಯ ಮೇಲೆ ನನ್ನ ನಿವೃತ್ತಿಯ ಸನ್ಮಾನದ ಫೋಟೋ ಇತ್ತು. ಅವರಲ್ಲೊಬ್ಬ ಅದನ್ನು ನೋಡಿ, "ಟೀಚರ್ ಇದ್ರೇನವ್ವಾ? ನಮಗ ಕಲಿಸಿದ ಟೀಚರ್ ಸೈತ ನಿಮ್ಮಂಗೇ ಇದ್ರು," ಎಂದ. ಅಷ್ಟಕ್ಕೇ ನಾನು ಒಳಗೆ ಕರೆದೆ. ಬಂಗಾರಕ್ಕೂ ಮಾಡುತ್ತೇವೆ ಎಂದಾಗ ಬಳೆ ಬಿಚ್ಚಿ ಕೊಟ್ಟೆ.

ಅವರು ಬಳೆಗಳನ್ನು ಒಂದು ಡಬ್ಬಿಯ ಹಳದಿ ನೀರಿನಲ್ಲಿ ಅದ್ದಿದರು, ತೆಗೆದರು, ಮತ್ತೆ ಅದ್ದಿದರು. ಆಮೇಲೆ ಅರಿಶಿಣದಲ್ಲಿ ಮುಚ್ಚಿ ಕಾಗದದಲ್ಲಿ ಸುತ್ತಿ ಕೊಟ್ಟು, "ಒಂದು ತಾಸು ಬಿಟ್ಟು ತೊಳೀರಿ ಅವ್ವಾ," ಎಂದು ಹೊರಟುಹೋದರು.

ಒಂದು ತಾಸಿನ ಮೇಲೆ ತೊಳೆದೆ. ನಾಲ್ಕೂ ಬಳೆ ಇದ್ದವು. ಆದರೆ ಕೈಗೆ ಹಾಕಿಕೊಂಡರೆ ಭಾರವೇ ಇಲ್ಲ. ಅಂಚೆಲ್ಲ ಇಲಿ ಕಡಿದಂತೆ ಒರಟಾಗಿತ್ತು, ಒಂದು ಬಳೆ ಅಲ್ಲೇ ಬಿರುಕು ಬಿಟ್ಟಿತ್ತು. ನನಗೆ ಎಲ್ಲ ತಿಳಿದುಹೋಯಿತು. ಆಮ್ಲಗಳನ್ನು ಸರಿಯಾಗಿ ಬೆರೆಸಿದರೆ ಬಂಗಾರವೂ ಕರಗುತ್ತದೆ ಎಂದು ಪ್ರತಿ ವರ್ಷ ಹತ್ತನೇ ಕ್ಲಾಸಿನ ಮಕ್ಕಳಿಗೆ ಹೇಳಿದವಳು ನಾನೇ. ಅದೇ ನನ್ನ ಅಡುಗೆಮನೆಯ ಕಟ್ಟೆಯ ಮೇಲೆ, ನನ್ನ ಕಣ್ಣೆದುರಿಗೇ ನಡೆದಿತ್ತು. ಬಂಗಾರ ಆ ನೀರಿನ ಜತೆ ಡಬ್ಬಿಯಲ್ಲಿ ಹೋಗಿತ್ತು.

ಯಾರಿಗೂ ಹೇಳಲಿಲ್ಲ. ಬಳೆಗಳನ್ನು ಕಪಾಟಿನಲ್ಲಿ ಸೀರೆಗಳ ಕೆಳಗೆ ಇಟ್ಟೆ. ಕೀಲುನೋವು, ಅದಕ್ಕೇ ತೆಗೆದಿಟ್ಟಿದ್ದೇನೆ ಎಂದು ಯಜಮಾನರಿಗೆ ಸುಳ್ಳು ಹೇಳಿದೆ. ಊಟ ಸೇರುತ್ತಿರಲಿಲ್ಲ. ಬಂಗಾರ ಹೋದ ದುಃಖಕ್ಕಿಂತ, 'ಓದಿದಾಕೆ ಹೀಂಗ ಮಾಡಿದಳು' ಎಂದು ಜನ ಅನ್ನುತ್ತಾರಲ್ಲ, ಆ ಮಾತಿನ ಹೆದರಿಕೆಯೇ ದೊಡ್ಡದಾಗಿತ್ತು.

ಹತ್ತು ಹನ್ನೆರಡು ದಿನಗಳಾದ ಮೇಲೆ ಬೀಟ್ ಪೊಲೀಸ್ ಹೆಣ್ಣುಮಗಳು ಮತ್ತೆ ಬಂದಳು. ಆಕೆ ತಿಂಗಳಿಗೊಮ್ಮೆ ಪ್ರತಿ ಮನೆಯ ಬಾಗಿಲಿಗೂ ಬರುತ್ತಿದ್ದಳು, ಸ್ಕೂಟಿ ಓಣಿಯ ಬಾಯಲ್ಲೇ ಬಿಟ್ಟು ನಡೆದೇ ಬರುತ್ತಿದ್ದಳು. ಚಹಾ ಎಂದರೆ ಬೇಡ ಎನ್ನುತ್ತಿದ್ದಳು, ನೀರು ಕೊಟ್ಟರೆ ಕುಡಿಯುತ್ತಿದ್ದಳು. ಆ ದಿನ ನೀರು ಕುಡಿಯುತ್ತಾ ನನ್ನ ಕೈ ನೋಡಿದಳು. ವರ್ಷಾನುಗಟ್ಟಲೆ ಬಳೆ ಇದ್ದ ಜಾಗ ಬೆಳ್ಳಗೆ ಕಾಣುತ್ತಿತ್ತು.

"ಬಳಿ ತೆಗದೀರೇನ್ರಿ, ಟೀಚರ್?"

"ಕೈ ನೋಯ್ತಾವ, ತಂಗಿ."

ಒಳಗಿನ ಗೋಡೆಯ ಮಾಡದಲ್ಲಿ ಎರಡು ತಾಮ್ರದ ಚರಿಗಿ ಇದ್ದವು. ಆಕೆ ಅವುಗಳ ಕಡೆ ನೋಡಿದಳು.

"ಎರಡರಾಗ ಒಂದೇ ಚರಿಗಿ ಯಾಕ್ರಿ ಇಷ್ಟು ಹೊಳಿಲಾಕತ್ತದ?"

ಸೆರಗು ಬಾಯಿಗೆ ಹಿಡಿದುಕೊಂಡು ಅತ್ತುಬಿಟ್ಟೆ. ಆಕೆ ಬಾಗಿಲು ಅರೆಮುಚ್ಚಿ ಬಂದು ನನ್ನ ಪಕ್ಕದಲ್ಲಿ ಕೂತಳು. ನಾನು ಪೂರ್ತಿ ಹೇಳಿ ಮುಗಿಸುವವರೆಗೆ ನೋಟ್‌ಬುಕ್ ತೆಗೆಯಲಿಲ್ಲ.

"ನನಗ ಯಾಕ ಅವತ್ತೇ ಫೋನ್ ಹಚ್ಚಲಿಲ್ಲ?"

"ನಾಚಿಕಿ ಬಂತು."

"ಅದೇ ನೋಡ್ರಿ. ಓದಿದೋರ ಮನಿ ನೋಡಿಯೇ ಅವ್ರು ಬರ್ತಾರ. ಓದಿದೋರು ಯಾರ ಮುಂದೂ ಹೇಳಂಗಿಲ್ಲ ಅನ್ನೋದು ಅವ್ರಿಗಿ ಗೊತ್ತದ. ನೀವು ಬಾಯಿ ಮುಚ್ಕೊಂಡು ಕುಂತ್ರ ಅವ್ರು ಮುಂದಿನ ಓಣಿಗಿ ಹೋಗ್ತಾರ."

ಆ ಸಂಜೆ ಯಜಮಾನರಿಗೆ ನಿಜ ಹೇಳಿದೆ. ಅವರು "ಚಾ ಕುಡದಿ ಏನು?" ಎಂದು ಕೇಳಿ ತಾವೇ ಎದ್ದು ಚಹಾ ಮಾಡಿ ತಂದರು. ಮರುದಿನ ಇಬ್ಬರೂ ಠಾಣೆಗೆ ಹೋಗಿ ದೂರು ಬರೆಸಿದೆವು. ಅಲ್ಲಿ ಬರೆದುಕೊಳ್ಳುವವರು ಎರಡು ಸಲ ಕೇಳಿದರು, "ವಿಜ್ಞಾನ ಟೀಚರ್ ಅಂದ್ರಿ?" ನನ್ನ ಪಕ್ಕದಲ್ಲಿ ನಿಂತಿದ್ದ ಬೀಟ್ ಪೊಲೀಸ್ ಹೆಣ್ಣುಮಗಳು, "ಹೌದು ಸರ್, ಅದಕ್ಕೇ ಇಷ್ಟು ಸ್ಪಷ್ಟ ಹೇಳ್ಲಾಕತ್ತಾರ," ಎಂದಳು. ಅವರು ತಲೆ ಬಗ್ಗಿಸಿ ಬರೆದರು.

ದೂರು ಕೊಟ್ಟೆ, ಮುಗಿಯಿತು ಎಂದುಕೊಂಡಿದ್ದೆ. ಆಕೆಯ ಹಠ ಅಲ್ಲಿಗೆ ನಿಲ್ಲಲಿಲ್ಲ. ಭಾನುವಾರ ನಮ್ಮ ಓಣಿಯ ಬುದ್ಧವಿಹಾರದಲ್ಲಿ ಹೆಣ್ಣುಮಕ್ಕಳ ಸಭೆ ಇದೆ, ನೀವು ಎದ್ದು ನಿಂತು ಹೇಳಬೇಕು ಎಂದಳು. ನಾನು ಸಾಧ್ಯವೇ ಇಲ್ಲ ಎಂದೆ. ಮರುದಿನ ಬಂದು ಕೇಳಿದಳು, ಅದರ ಮರುದಿನವೂ ಬಂದಳು.

"ನಾ ಹೇಳಿದ್ರ ಪೊಲೀಸ್ ಹೇಳಿದ್ರು ಅಂತ ಕೇಳಿ ಬಿಡ್ತಾರ್ರಿ. ನೀವು ಹೇಳಿದ್ರ ಮನಿಗಿ ಹೋಗಿ ಮಾತಾಡ್ತಾರ."

ಭಾನುವಾರ ವಂದನೆ ಮುಗಿದ ಮೇಲೆ ಎದ್ದು ನಿಂತೆ. ಏನು ಮಾಡಲಿ ಎಂದು ತೋಚದೆ, ಕ್ಲಾಸಿನಲ್ಲಿ ಮಾಡುತ್ತಿದ್ದಂತೆಯೇ ಶುರುಮಾಡಿದೆ. ನನ್ನ ನಾದಿನಿಯ ಒಂದು ಒಳ್ಳೆಯ ಬಳೆಯನ್ನೂ ನನ್ನ ಬಿರುಕು ಬಿಟ್ಟ ಬಳೆಯನ್ನೂ ಕೈಯಿಂದ ಕೈಗೆ ದಾಟಿಸಿ ತೂಕ ನೋಡಲು ಹೇಳಿದೆ. ಆಮೇಲೆ ಬಂದವರು ಏನಂದರು, ನಾನು ಯಾವ ಮಾತಿಗೆ ಮರುಳಾದೆ, ಯಾವಾಗ ಬಾಗಿಲು ತೆಗೆದೆ, ಎಲ್ಲ ಬಿಚ್ಚಿ ಹೇಳಿದೆ. ಯಾರೂ ನಗಲಿಲ್ಲ.

ನಾನು ಕೂರುವಷ್ಟರಲ್ಲಿ ಎದುರು ಮನೆಯ ಮುದುಕಿ ಎದ್ದಳು. ಓಣಿಯಲ್ಲಿ ಎಲ್ಲರ ಸುದ್ದಿ ಇಟ್ಟುಕೊಂಡಿರುವವಳೆಂದು ನಾನು ಅಂಜುತ್ತಿದ್ದುದು ಆಕೆಗೇ.

"ನಂದೂ ಹೋಗ್ಯಾದ್ರಿ," ಎಂದಳು. "ಕೊರಳಾಗಿನ ಬೋರಮಾಳ. ಸೊಸಿಗಿ ಇನ್ನೂ ಹೇಳಿಲ್ಲ."

ಸೊಸೆ ಅದೇ ಸಾಲಿನಲ್ಲಿ ಕೂತಿದ್ದಳು. ಎದ್ದು ಬಂದು ಅತ್ತೆಯ ಕೈ ಹಿಡಿದಳು. ಹಿಂದಿನ ಸಾಲಿನಿಂದ ಇನ್ನೊಬ್ಬಳು ಕೈ ಎತ್ತಿದಳು. ನಮ್ಮ ಬೀಟ್ ಪೊಲೀಸ್ ಮೂವರನ್ನೂ ಒಂದೆಡೆ ಕೂಡಿಸಿ ನೆನಪಿದ್ದಷ್ಟು ಹೇಳಿಸಿದಳು. ಒಬ್ಬನ ಮುಂದಿನ ಹಲ್ಲು ಮುರಿದಿದೆ ಎಂದು ಮುದುಕಿ ಹೇಳಿದಳು. ಅವರ ಬೈಕಿನ ಹಿಂದಿನ ಮಡ್‌ಗಾರ್ಡಿಗೆ ಹಸಿರು ಬಣ್ಣ ಬಳಿದಿದ್ದಾರೆ ಎಂದು ಇನ್ನೊಬ್ಬಳು. ಅವರು ಎಲ್ಲರಿಗೂ 'ಅವ್ವಾ' ಎನ್ನುತ್ತಾರೆ, ಇಬ್ಬರ ಕೈಬೆರಳೂ ಆಮ್ಲದಿಂದ ಕಂದಿವೆ ಎಂದು ನಾನು. ಒಬ್ಬೊಬ್ಬರೇ ಮನೆಯೊಳಗೆ ಮುಚ್ಚಿಟ್ಟುಕೊಂಡಿದ್ದ ಆ ಇಬ್ಬರ ಗುರುತು ಅರ್ಧ ಗಂಟೆಯಲ್ಲಿ ಕಾಗದಕ್ಕೆ ಬಂತು.

ಆಕೆಯ ಬಗ್ಗೆ ನನಗೆ ಮೆಚ್ಚುಗೆ ಮೂಡಿದ್ದು ಬರೀ ಅದರಿಂದಲ್ಲ. ಅದಾದ ವಾರ ನಮ್ಮ ಓಣಿಯ ವಾಟ್ಸಾಪ್ ಗುಂಪಿನಲ್ಲಿ ಯಾರೋ ಒಬ್ಬರು ಕಂಬಳಿ ಮಾರುವವನ ಫೋಟೋ ಹಾಕಿ 'ಇವನ ಮೇಲೆ ಕಣ್ಣಿಡಿ' ಎಂದು ಬರೆದರು. ಎರಡು ನಿಮಿಷದಲ್ಲಿ ನಾಲ್ಕು ಜನ ಸಿಟ್ಟಿನ ಮಾತು ಸೇರಿಸಿದರು. ಅರ್ಧ ತಾಸಿನೊಳಗೆ ಆಕೆ ಓಣಿಗೆ ಬಂದಳು. ಕಂಬಳಿಯವನ ಹತ್ತಿರ ಹೋಗಿ ಊರು, ಇಳಿದುಕೊಂಡ ಜಾಗ ಕೇಳಿ ಬರೆದುಕೊಂಡಳು. ಆಮೇಲೆ ಅವನನ್ನು ಜತೆಗೆ ಕರೆದುಕೊಂಡು, ಫೋಟೋ ಹಾಕಿದವರ ಮನೆಯ ಮುಂದೆಯೇ ನಿಂತಳು.

"ಹೊಸಬ ಅಂದ ಮಾತ್ರಕ್ಕ ಕಳ್ಳ ಆಗಂಗಿಲ್ರಿ. ಕಣ್ಣಾರೆ ನೋಡಿದ್ದು ಏನರ ಇದ್ರ ನನಗ ಹೇಳ್ರಿ. ಜನರ ಫೋಟೋ ಹಾಕಿ ಸಂಶಯ ಹಬ್ಬಿಸಬ್ಯಾಡ್ರಿ. ಆಮ್ಯಾಲ ಅದನ್ನ ಹಿಡಿಲಾಕ ನಮ್ಮ ಕಡಿಂದಲೂ ಆಗಂಗಿಲ್ಲ."

ಫೋಟೋ ಅಳಿಸಿದರು. ಗುಂಪಿನಲ್ಲಿ ಆಕೆಯ ಈ ಮಾತು ಇಂದಿಗೂ ಕಟ್ಟಳೆ.

ನನ್ನ ತಂಗಿ ಭಾಲ್ಕಿ ಕಡೆಯ ಹಲಬರ್ಗಾದಲ್ಲಿದ್ದಾಳೆ. ವಿಹಾರದ ಸಭೆಯ ಸುದ್ದಿ ಕೇಳಿ, ತಮ್ಮ ಸಂಘದ ಹೆಣ್ಣುಮಕ್ಕಳಿಗೂ ಹೇಳು ಬಾ ಎಂದು ಕರೆದಳು. ನಮ್ಮ ಬೀಟ್ ಪೊಲೀಸ್ ಮೇಲಿನವರನ್ನು ಕೇಳಿ, ಭಾಲ್ಕಿಯ ಪೊಲೀಸರಿಗೂ ತಿಳಿಸಿ ನನ್ನ ಜತೆ ಬಂದಳು. ತೊಗರಿ ರಾಶಿಯ ಕಾಲ. ಒಬ್ಬಾಕೆಯ ಅಂಗಳದಲ್ಲಿ ತೊಗರಿ ಹರವಿದ ತಾಡಪತ್ರಿಯ ಪಕ್ಕದಲ್ಲೇ ಕೂತು ಮಾತಾಡಿದೆವು. ಈ ಸಲ ಎಲ್ಲಿಂದ ಶುರುಮಾಡಲಿ ಎಂದು ಯೋಚಿಸಬೇಕಾಗಲಿಲ್ಲ.

ತಿಂಗಳೂ ಆಗಿರಲಿಲ್ಲ, ಆ ಇಬ್ಬರು ಅದೇ ಅಂಗಳಕ್ಕೆ ಹೋದರು. ಮುಂದಿನದನ್ನು ಆ ಮನೆಯಾಕೆಯ ಬಾಯಿಂದಲೇ ಕೇಳಿದೆ. ಮುರಿದ ಹಲ್ಲು ಕಂಡ ಕೂಡಲೇ ಆಕೆಗೆ ಗೊತ್ತಾಯಿತಂತೆ.

"ಬರ್ರಿ ಅಣ್ಣಾರ, ಕುಂದುರ್ರಿ. ಬಂಗಾರ ನಮ್ಮತ್ತಿ ಕಡಿ ಅದ, ಹೊಲದಿಂದ ಬರ್ಲಾಕತ್ತಾಳ. ಅಲ್ಲೀತನ ಚಾ ಮಾಡ್ತೇನಿ."

ಚಹಾಕ್ಕೆ ಸಕ್ಕರೆ ಕೇಳುವ ನೆಪದಲ್ಲಿ ಹಿತ್ತಲ ಗೋಡೆಯಾಚೆ ಸುದ್ದಿ ದಾಟಿಸಿದಳು. ಆ ಮನೆಯವರು ಪೊಲೀಸರಿಗೆ ಫೋನ್ ಹಚ್ಚಿದರು. ಐದು ನಿಮಿಷದಲ್ಲಿ ಸಂಘದ ಏಳೆಂಟು ಹೆಂಗಸರು, "ನಮ್ಮದೂ ಪಾಲಿಶ್ ಮಾಡ್ರಿ ಅಣ್ಣಾರ," ಎನ್ನುತ್ತಾ ಮುಷ್ಟಿ ಬಿಗಿಹಿಡಿದು ಬಂದು ಸುತ್ತ ಕೂತರು. ಒಬ್ಬರ ಮುಷ್ಟಿಯಲ್ಲೂ ಒಂದು ಗುಂಜಿ ಬಂಗಾರ ಇರಲಿಲ್ಲ. ನನ್ನ ತಂಗಿ ಹೊರಗೆ ನಿಂತಿದ್ದ ಗಾಡಿಯ ಎರಡೂ ಚಕ್ರದ ಗಾಳಿ ಬಿಟ್ಟಳು. ಎರಡನೇ ಚಹಾ ಮುಗಿಯುವ ಹೊತ್ತಿಗೆ ಭಾಲ್ಕಿಯ ಜೀಪು ಬಂದು ನಿಂತಿತು. ಊರ ಗಂಡಸರು ಇಬ್ಬರು ಕೈ ಎತ್ತಿಕೊಂಡು ಬಂದಾಗ ಮನೆಯಾಕೆಯೇ ಅಡ್ಡ ನಿಂತು, "ಮೇಡಂ ಬಡೀಬ್ಯಾಡ್ರಿ ಅಂದಾರ," ಎಂದು ತಡೆದಳಂತೆ.

ಈ ಸುದ್ದಿಗೆ ನಮ್ಮ ಬೀಟ್ ಪೊಲೀಸ್ ಕುಣಿದಾಡುತ್ತಾಳೆ ಎಂದುಕೊಂಡಿದ್ದೆ. ಆಕೆ ಹಲಬರ್ಗಾಕ್ಕೆ ಹೋಗಿ ಮೊದಲು ಎಲ್ಲರನ್ನೂ ಬೈದಳು. "ಅವ್ರ ಕಡಿ ಡಬ್ಬಿ ತುಂಬ ಆಸಿಡ್ ಇತ್ತು. ಮಾರಿ ಮ್ಯಾಲ ಉಗ್ಗಿದ್ರ? ಫೋನ್ ಹಚ್ರಿ ಅಂದಿದ್ದೆ, ಸುತ್ತ ಕುಂದುರ್ರಿ ಅಂದಿದ್ದೆನೇನು?" ಬೈಯುವಾಗಲೇ ಕಣ್ಣಲ್ಲಿ ನೀರು ಬಂತು. ಆಮೇಲೆ ಒಬ್ಬೊಬ್ಬರ ಕೈ ಹಿಡಿದು ಶಾಬಾಶ್ ಎಂದಳು.

ನಾನು ಹೋಗಿ ಆ ಇಬ್ಬರನ್ನು ಗುರುತಿಸಿದೆ. ಪ್ರಕರಣ ಈಗ ಕೋರ್ಟಿನಲ್ಲಿದೆ. ಸಿಕ್ಕ ಬಂಗಾರ ಒಂದು ಸಣ್ಣ ಗಟ್ಟಿ, ಅದರಲ್ಲಿ ಯಾರದು ಎಷ್ಟು ಎಂದು ಹೇಳಲು ಯಾರಿಗೂ ಬರುವುದಿಲ್ಲ. ನನ್ನದು ಬಂದರೆ ಬರಲಿ, ಇಲ್ಲದಿದ್ದರೆ ಇಲ್ಲ. ಎದುರು ಮನೆಯ ಮುದುಕಿ ಈಗ ನಮ್ಮ ಮನೆಗೆ ದಿನಾ ಬರುತ್ತಾಳೆ. ಊರಿಗೆ ಹೋಗುವಾಗ ನಾವು ಆಕೆಗೆ ಹೇಳಿ ಹೋಗುತ್ತೇವೆ, ಬೀಗ ಹಾಕಿದ ಮನೆಗಳ ಪಟ್ಟಿ ಬೀಟ್ ಪೊಲೀಸರಿಗಿಂತ ಮೊದಲು ಆಕೆಯ ಬಾಯಲ್ಲಿರುತ್ತದೆ.

ಆ ಹೆಣ್ಣುಮಗಳಿಗೆ ಹೋದ ವರ್ಷ ಔರಾದಕ್ಕೆ ವರ್ಗವಾಯಿತು. ಆ ತಾಲ್ಲೂಕಿನ ಚಿಂತಾಕಿ ಆಕೆಯ ತವರು, ಹಾಗಾಗಿ ಖುಷಿಯಿಂದಲೇ ಹೋದಳು. ಅಲ್ಲಿಯೂ ಹಳ್ಳಿ ಹಳ್ಳಿ ತಿರುಗಿ ಸಭೆ ಮಾಡುತ್ತಾಳೆ, ಅನುಕೂಲವಾದಾಗ ನನ್ನನ್ನೂ ಕರೆಯುತ್ತಾಳೆ. ಮೊನ್ನೆ ಠಾಣಾ ಕುಶನೂರಿಗೆ ಹೋಗಿದ್ದೆವು. ಬೆಳಿಗ್ಗೆಯಿಂದ ಮೂರು ಓಣಿ ನಡೆದು, ಎಪ್ಪತ್ತು ದಾಟಿದ ಒಬ್ಬ ಅಜ್ಜಿಗೆ ಒಂದೇ ಗುಂಡಿ ಒತ್ತಿದರೆ ಠಾಣೆಗೆ ಫೋನ್ ಹೋಗುವ ಹಾಗೆ ಮೊಬೈಲ್ ಜೋಡಿಸಿಕೊಟ್ಟು, ಹತ್ತು ಸಲ ಒತ್ತಿಸಿ ಕಲಿಸಿದಳು. ಅಷ್ಟೂ ಸಲ ಠಾಣೆಯವರು ಫೋನ್ ಎತ್ತಿ ಅಜ್ಜಿಯ ಕ್ಷೇಮ ವಿಚಾರಿಸಬೇಕಾಯಿತು.

ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತವಳು ಟೋಪಿ ತೆಗೆದು ನನ್ನ ಕೈಗೆ ಕೊಟ್ಟಳು. ಊರ ಹೊರಗಿನ ಸೋಯಾಬೀನ್ ಹೊಲ ದಾಟುವಷ್ಟರಲ್ಲಿ ನನ್ನ ಹೆಗಲಿಗೆ ತಲೆ ಆನಿಸಿ ನಿದ್ದೆ ಹೋದಳು. ಕಂಡಕ್ಟರ್ ಟಿಕೆಟ್ ಎನ್ನುತ್ತಾ ಬಂದ. ನಾನು ತುಟಿಗೆ ಬೆರಳಿಟ್ಟು ತೋರಿಸಿದೆ. ಆತ ಆಕೆಯನ್ನು ನೋಡಿ ಗುರುತು ಹಿಡಿದು, "ಮಲಗ್ಲಿ ಬಿಡ್ರಿ ಅವ್ವಾರ. ಬೆಳಿಗ್ಗಿ ಆರರ ಗಾಡಿಗಿ ಬಂದಾರ," ಎಂದು ಮೆಲ್ಲಗೆ ಹೇಳಿ ಹಿಂದಿನ ಸೀಟಿಗೆ ಹೋದ.