ಜ್ವರ ಬಿಟ್ಟ ಮರುದಿನ

ಫೆಬ್ರವರಿ ಬಂತೆಂದರೆ ದೀಸಾಳ ಬಚ್ಚಲಿನ ಮೊಳೆಯಿಂದ ಮಗುವಿಗೆ ಹಿಮದಲ್ಲಾಡಲು ತೊಡಿಸುವ ದಿರಿಸು ಇಳಿಯುವುದೇ ಇಲ್ಲ. ತೊಟ್ಟಿಕ್ಕುತ್ತಾ ತೂಗುತ್ತಿರುತ್ತದೆ; ಒಣಗಿತು ಅನ್ನುವಷ್ಟರಲ್ಲಿ ಮತ್ತೆ ಒದ್ದೆ. ಸ್ಟಾಕ್‌ಹೋಮಿನಲ್ಲಿ ಎಳೆಮಕ್ಕಳಿರುವ ಯಾವ ಮನೆಗೆ ಹೋದರೂ ಇದೇ ಪಾಡು. ಮಗುವಿಗೆ ಜ್ವರವೆಂದು ಕೆಲಸಕ್ಕೆ ರಜೆ ಹಾಕುವುದಕ್ಕೆ ಇಲ್ಲಿ ‘ವಾಬ್’ ಎನ್ನುತ್ತಾರೆ. ಈ ತಿಂಗಳಿಗೇ ‘ವಾಬ್ರವರಿ’ ಎಂದು ಹೆಸರಿಟ್ಟು ಎಲ್ಲರೂ ನಗುತ್ತಾರೆ. ಆ ವರ್ಷ ದೀಸಾಳಿಗೆ ನಗುವ ತ್ರಾಣ ಇರಲಿಲ್ಲ. ಎರಡು ವರ್ಷದ ಫೋಲ್ಕೆ ಸೋಮವಾರದಿಂದ ಕೆಂಡದಂತೆ ಸುಡುತ್ತಿದ್ದ. ಗಂಡ ಹೆನ್ನಿಂಗ್ ಉತ್ತರದ ಕೊಲ್ಲಿಯಲ್ಲಿ ಮಂಜುಗಡ್ಡೆ ಒಡೆಯುವ ಹಡಗಿನಲ್ಲಿದ್ದ. ಕಡಲಿನ ಮಂಜು ಕರಗುವವರೆಗೆ ಅವನು ಮನೆಯ ಮುಖ ನೋಡುವವನಲ್ಲ.

ದೀಸಾ ಹುಟ್ಟಿ ಬೆಳೆದದ್ದು ಸರೋವರದ ದಂಡೆಯ ಒಂದು ಕಾರ್ಖಾನೆಯ ಊರಿನಲ್ಲಿ. ಅಣುಸ್ಥಾವರಗಳಿಗೆ ಇಂಧನ ಮಾಡುವ ಕಾರ್ಖಾನೆ ಅದು. ಬೆರಳ ತುದಿಯಷ್ಟು ಗುಳಿಗೆಗಳು, ಗುಳಿಗೆ ತುಂಬಿದ ಉದ್ದನೆಯ ಕೊಳವೆಗಳು, ಕೊಳವೆಗಳನ್ನು ಸೇರಿಸಿ ಕಟ್ಟಿದ ಕಟ್ಟುಗಳು. ಅಪ್ಪ ಅಲ್ಲಿಯೇ ದುಡಿದು ಸವೆದ. ಈಗ ಅಣ್ಣ ತೋರ್ಕೆಲ್ ಅದೇ ಕಟ್ಟುವ ವಿಭಾಗದಲ್ಲಿದ್ದಾನೆ. ಅವಳು ಚಿಕ್ಕವಳಿದ್ದಾಗ ಊಟಕ್ಕೆ ಕೂತ ಅಪ್ಪ ವಿಯೆನ್ನಾದ ಅಣು ಕಾವಲು ಸಂಸ್ಥೆಯಿಂದ ಬರುವ ತನಿಖೆಯವರ ಸುದ್ದಿ ಹೇಳುತ್ತಿದ್ದ. ಅವರು ಬರುತ್ತಾರೆ, ಎಲ್ಲ ಕೋಣೆಗಳನ್ನೂ ತೆರೆಸುತ್ತಾರೆ, ಎಣಿಸುತ್ತಾರೆ, ಲೋಹದ ಮುದ್ರೆ ಹಾಕಿ ಹೋಗುತ್ತಾರೆ. ಮುಂದಿನ ಸಲ ಬಂದಾಗ ಮುದ್ರೆ ಹಾಗೇ ಇದೆಯೇ ಎಂದು ನೋಡುತ್ತಾರೆ. ಅಪ್ಪ ಕದ್ದಿದ್ದಾನೆಂದು ಅವರಿಗೆ ಅನುಮಾನವೇ ಎಂದು ಅವಳು ಒಮ್ಮೆ ಅಳುಮೋರೆ ಮಾಡಿ ಕೇಳಿದ್ದಳು.

“ಅನುಮಾನ ಅಲ್ಲ ಪುಟ್ಟಿ,” ಅಂದಿದ್ದ ಅಪ್ಪ, ಆಲೂಗಡ್ಡೆಯ ಸಿಪ್ಪೆ ಸುಲಿಯುತ್ತಾ. “ನಮ್ಮನೇ ಬಾಗ್ಲು ತಟ್ಟಿದ್ರೆ ತಾನೇ ಪಕ್ಕದ್ಮನೆಯವನ ಬಾಗ್ಲೂ ತಟ್ಟಕ್ಕಾಗೋದು.”

ದೊಡ್ಡವಳಾಗಿ ಅವಳು ಬಾಗಿಲು ತಟ್ಟುವವರ ಕಡೆಗೇ ಸೇರಿಕೊಂಡಳು. ಇಂಧನ ಹೊರದೇಶಕ್ಕೆ ಹೊರಡುವ ಮುಂಚೆ ಸರ್ಕಾರ ಅವಳ ಕಚೇರಿಯ ಅಭಿಪ್ರಾಯ ಕೇಳುತ್ತದೆ. ಕೊಳ್ಳುವವರು ಅದನ್ನು ದೀಪ ಉರಿಸುವುದಕ್ಕಷ್ಟೇ ಬಳಸುತ್ತಾರೆಯೇ? ಅದು ಬಾಂಬಿನ ದಾರಿ ಹಿಡಿಯದಂತೆ ಕಾವಲಿದೆಯೇ? ತನಿಖೆಯವರಿಗೆ ಅಲ್ಲಿ ಎಲ್ಲ ಬಾಗಿಲೂ ತೆರೆಯುತ್ತದೆಯೇ? ಎಲ್ಲ ನೋಡಿ ‘ಅಡ್ಡಿಯಿಲ್ಲ’ ಎಂದು ಬರೆಯಬೇಕು, ಇಲ್ಲವೇ ಅಡ್ಡಿ ಏನೆಂದು ಬರೆಯಬೇಕು. ಹೆಚ್ಚಿನ ಸಲ ಅವಳು ಬರೆಯುವುದು ಅಡ್ಡಿಯಿಲ್ಲ ಎಂದೇ. ಬರೆದು, ಕಾಫಿ ಕುಡಿದು, ಶಿಶುವಿಹಾರ ಮುಚ್ಚುವ ಮುನ್ನ ಮಗುವನ್ನು ಕರೆತರಲು ಓಡುವುದು. ಇಷ್ಟೇ ಅವಳ ಬದುಕು.

ಈ ಸಲದ ಕಡತ ಅವಳ ತವರಿನ ಕಾರ್ಖಾನೆಯದು. ಕೈಗೆ ಬಂದ ದಿನವೇ ಅವಳು ಮುಖ್ಯಸ್ಥೆ ಮೈಕೆನ್‌ಗೆ ಅಣ್ಣನ ವಿಷಯ ಹೇಳಿದಳು. ಹಾಗೆ ನೋಡುತ್ತಾ ಹೋದರೆ ಈ ದೇಶದಲ್ಲಿ ಕಡತ ಮುಟ್ಟುವುದಕ್ಕೆ ಒಬ್ಬರೂ ಸಿಗುವುದಿಲ್ಲ ಎಂದು ಮೈಕೆನ್ ನಕ್ಕಿದ್ದಳು. ಆಮೇಲೆ, ಈ ಮಾರಾಟ ನಿಂತರೆ ಕಟ್ಟುವ ವಿಭಾಗವನ್ನೇ ಮುಚ್ಚುತ್ತಾರಂತೆ ಎಂಬ ಸುದ್ದಿ ಎದ್ದಾಗ ದೀಸಾ ಮತ್ತೆ ಹೋಗಿ ಹೇಳಿದಳು. ಈ ಸಲ ಮೈಕೆನ್ ನಗಲಿಲ್ಲ. ಬೇಡವೆನಿಸಿದರೆ ಬಿಡು, ಸಿಕ್ಸ್ಟೆನ್‌ಗೆ ಕೊಡುತ್ತೇನೆ ಎಂದಳು. ಸಿಕ್ಸ್ಟೆನ್ ವಸಂತಕ್ಕೆ ನಿವೃತ್ತನಾಗುವವನು, ಸಜ್ಜನ, ದಣಿದಿದ್ದ. ಅವನು ‘ಅಡ್ಡಿಯಿಲ್ಲ’ ಎಂದೇ ಬರೆಯುತ್ತಾನೆಂದು ಇಬ್ಬರಿಗೂ ಗೊತ್ತಿತ್ತು.

ಇದ್ದದ್ದು ಒಂದೇ ತೊಡಕು. ಕೊಳ್ಳುವ ದೇಶದ ಸ್ಥಾವರದಲ್ಲಿ ಒಂದು ಉಗ್ರಾಣ. ತನಿಖೆಯವರು ಕೇಳಿದಾಗಲೆಲ್ಲ ‘ರಿಪೇರಿ ನಡೆದಿದೆ’ ಎಂಬ ಉತ್ತರ. ಒಳಗೆ ನಿಜಕ್ಕೂ ರಿಪೇರಿಯೇ ನಡೆದಿರಬಹುದು, ಮುರಿದ ಕುರ್ಚಿಗಳೇ ತುಂಬಿರಬಹುದು. ಆದರೆ ಆ ಬಾಗಿಲು ತೆರೆದದ್ದನ್ನು ಯಾರೂ ಕಂಡಿರಲಿಲ್ಲ. ಕಂಡ ಮೇಲೆ ಕಳಿಸೋಣ ಎಂದು ಬರೆದರೆ ಅಣ್ಣನ ಅನ್ನಕ್ಕೆ ಕಲ್ಲು. ಬರೆಯದಿದ್ದರೆ ಆ ಬಾಗಿಲಿನ ಮಾತು ಅಲ್ಲಿಗೇ ಮುಗಿಯಿತು. ಶುಕ್ರವಾರ ಕೊನೆಯ ದಿನ. ಕಡತವನ್ನು ಮನೆಗೆ ತರುವಂತಿರಲಿಲ್ಲ. ಅಂದು ಅವಳು ಬಾರದಿದ್ದರೆ ಅದು ತಾನಾಗಿ ಸಿಕ್ಸ್ಟೆನ್‌ನ ಮೇಜಿಗೆ ಸರಿಯುತ್ತಿತ್ತು.

ಬುಧವಾರ ತೋರ್ಕೆಲ್ ಫೋನ್ ಮಾಡಿದ. ಕಡತದ ಸುದ್ದಿ ಎತ್ತಲಿಲ್ಲ. ಇಂಥ ವಿಷಯ ಬಾಯಿ ಬಿಟ್ಟು ಕೇಳುವ ಮನೆತನವಲ್ಲ ಅವರದು. ಸೋದರಳಿಯನ ಜ್ವರ ಎಷ್ಟಿದೆ ಎಂದು ಕೇಳಿದ, ಅವಳ ದನಿ ಕೇಳಿ ಮುದುಕಿಯ ಹಾಗಾಗಿದ್ದೀಯ ಎಂದು ಛೇಡಿಸಿದ. ಫೋನ್ ಇಡುವ ಮುಂಚೆ ಒಂದು ಮಾತು ಸೇರಿಸಿದ.

“ಜ್ವರ ಶುಕ್ರವಾರ ದಾಟ್ಲಿ ಬಿಡೇ. ಮಗೂಗ್ ಹುಷಾರಿಲ್ಲ ಅಂದ್ರೆ ನಿನ್ನ ಯಾರೂ ಏನೂ ಅನ್ನಲ್ಲ.”

ನಿಜ, ಯಾರೂ ಏನೂ ಅನ್ನುತ್ತಿರಲಿಲ್ಲ. ಅವಳು ಏನೂ ಬರೆಯಬೇಕಿರಲಿಲ್ಲ. ಬಿಸಿ ಹಣೆಯ ಮಗುವನ್ನು ಎದೆಗಾನಿಸಿಕೊಂಡು ಸೋಫಾದಲ್ಲಿ ಮಲಗಿದ್ದರೆ ಸಾಕಿತ್ತು.

ಗುರುವಾರ ಮಧ್ಯಾಹ್ನ ಫೋಲ್ಕೆ ಬೆವೆತು ಎದ್ದ. ಬಾಳೆಹಣ್ಣು ಕೇಳಿದ. ಅವಳು ಥರ್ಮಾಮೀಟರ್ ಇಟ್ಟು ನೋಡಿದಳು. ಜ್ವರ ಇಳಿದಿತ್ತು. ಎದೆಯಲ್ಲಿ ಮೊದಲು ಎದ್ದದ್ದು ಸಮಾಧಾನವಲ್ಲ, ಅಯ್ಯೋ ಎನ್ನುವ ನಿರಾಸೆ. ಯಾಕೆ ಈ ನಿರಾಸೆ ಎಂದು ಅರಿವಾದೊಡನೆ ಅವಳು ಥರ್ಮಾಮೀಟರನ್ನು ಕೆಳಗಿಟ್ಟು ಮಗುವಿನ ಒದ್ದೆ ಕೂದಲಿನಲ್ಲಿ ಮುಖ ಹುದುಗಿಸಿದಳು. ತನ್ನ ಕೂಸಿಗೆ ಇನ್ನೊಂದು ದಿನ ಜ್ವರವಿರಲಿ ಎಂದು ತಾನೇ ಬಯಸಿದ್ದಳು. ಫೋಲ್ಕೆ ಬಾಳೆಹಣ್ಣಿನ ಕೈಯಲ್ಲಿ ಅವಳ ಕಿವಿ ಹಿಡಿದು ಎಳೆದ.

ಆದರೂ ತಪ್ಪಿಸಿಕೊಳ್ಳುವ ದಾರಿ ಇನ್ನೂ ತೆರೆದಿತ್ತು. ಜ್ವರ ಬಿಟ್ಟ ಮೇಲೆ ಒಂದು ಪೂರಾ ದಿನ ಮಗು ಮನೆಯಲ್ಲೇ ಇರಬೇಕು ಎಂಬುದು ಶಿಶುವಿಹಾರದ ಕಟ್ಟುನಿಟ್ಟಿನ ನಿಯಮ. ಆ ಒಂದು ದಿನ ಶುಕ್ರವಾರವೇ ಆಗಿತ್ತು. ಯಾರಿಗೂ ಸುಳ್ಳು ಹೇಳಬೇಕಿರಲಿಲ್ಲ. ಅವಳು ಪಾತ್ರೆ ತೊಳೆದಳು, ದಿರಿಸು ತಿರುವಿ ಹಾಕಿದಳು. ಅತ್ತೆಗೆ ಸೊಂಟನೋವು, ಎದುರುಮನೆಯವಳಿಗೆ ತನ್ನದೇ ಮಕ್ಕಳ ಕೆಮ್ಮು. ಬೇರೆಯವರ ಮಗುವಿಗಾಗಿಯೂ ವಾಬ್ ಹಾಕಬಹುದು. ಕಾನೂನು ಅದಕ್ಕೆ ಅಡ್ಡ ಬರುವುದಿಲ್ಲ. ಕೊನೆಗೆ ಅಣ್ಣನಿಗೇ ಫೋನ್ ಮಾಡಿದಳು.

“ನಾಳೆ ವಾಬ್ ಹಾಕಿ ಬರ್ತೀಯೇನೋ? ಫೋಲ್ಕೆ ಜೊತೆ ಇರಕ್ಕೆ ಯಾರೂ ಇಲ್ಲ.”

“ಜ್ವರ ಬಿಡ್ತಾ?”

“ಬಿಡ್ತು.”

“ಆಫೀಸಿಗೆ ಹೋಗಿ ಏನ್ ಬರೀತೀಯ?”

“ಅದನ್ನ ಹೇಳೋ ಹಾಗಿಲ್ಲ ಕಣೋ.”

“ಹಂಗಾದ್ರೆ ಗೊತ್ತಾಯ್ತು ಬಿಡು.”

ಅಣ್ಣನ ಅಡುಗೆಮನೆಯ ರೇಡಿಯೋದಲ್ಲಿ ಯಾರೋ ರಸ್ತೆಯ ಮಂಜಿನ ಸುದ್ದಿ ಓದುತ್ತಿದ್ದುದು ಕೇಳಿಸುತ್ತಿತ್ತು. ಫೋನ್ ಇಟ್ಟುಬಿಡುತ್ತಾನೆ ಎಂದುಕೊಂಡಳು.

“ಅವನಿಗೆ ಮಧ್ಯಾಹ್ನ ಊಟಕ್ಕೆ ಏನ್ ಕೊಡ್ಬೇಕು?” ಎಂದ ತೋರ್ಕೆಲ್.

ಬೆಳಗಿನ ರೈಲಿಗೆ ಬಂದ. ಕೈಯಲ್ಲಿ ಸೆಮ್ಲಾ ಪೊಟ್ಟಣ. ಬಾದಾಮಿ, ಕೆನೆ ತುಂಬಿದ ಆ ಬನ್ನನ್ನು ಈ ತಿಂಗಳಲ್ಲಿ ತಿನ್ನದಿದ್ದರೆ ಅವನಿಗೆ ಚಳಿಗಾಲ ಮುಗಿಯುವುದಿಲ್ಲ. ತಂಗಿಯ ಮುಖ ನೋಡಲಿಲ್ಲ. ಮಗುವನ್ನು ಎತ್ತಿಕೊಂಡು ಅದರ ಮೂಗು ಒರೆಸಿದ. ಅವಳು ಹೊರಟಳು.

ಕಚೇರಿಯಲ್ಲಿ ಬರೆಯುವುದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಆ ಉಗ್ರಾಣದ ಬಾಗಿಲು ತನಿಖೆಯವರಿಗೆ ತೆರೆಯುವವರೆಗೆ ಅನುಮತಿ ಬೇಡ ಎಂದು ಬರೆದಳು. ಮೈಕೆನ್ ಎರಡು ಸಲ ಓದಿ, ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು, ಸಹಿ ಹಾಕಿದಳು. ಸರ್ಕಾರ ಇದನ್ನು ಒಪ್ಪುತ್ತದೆಯೋ, ಪಕ್ಕಕ್ಕಿಡುತ್ತದೆಯೋ ಇಬ್ಬರಿಗೂ ತಿಳಿಯದು. ಊಟಕ್ಕೆ ಹೋಗೋಣವೇ ಎಂದು ಸಿಕ್ಸ್ಟೆನ್ ಕೇಳಿದ. ಅವಳಿಗೆ ಹಸಿವಿರಲಿಲ್ಲ.

ಸಂಜೆ ಮನೆಗೆ ಬಂದಾಗ ಫೋಲ್ಕೆ ಮಾವನ ಬೆನ್ನ ಮೇಲೆ ಸವಾರಿ ಮಾಡುತ್ತಿದ್ದ. ಮಗು ಏನು ತಿಂದಿತು, ಎಷ್ಟು ಹೊತ್ತು ಮಲಗಿತು ಎಂದು ತೋರ್ಕೆಲ್ ಒಪ್ಪಿಸಿದ. ಬಾಗಿಲ ಬಳಿ ಬಗ್ಗಿ ಬೂಟಿನ ದಾರ ಕಟ್ಟುತ್ತಾ, ನೆಲ ನೋಡಿಕೊಂಡೇ ಮಾತಾಡಿದ.

“ಅಪ್ಪ ಇದ್ದಿದ್ರೆ ನಿನ್ ಕಡೇನೇ ಇರ್ತಿದ್ದ. ಅದಕ್ಕೇ ಕಣೇ ನಂಗೆ ಸಿಟ್ಟು ಬರೋದು.”

“ನಂಗೊತ್ತು,” ಎಂದಳು ದೀಸಾ.

“ಸೋಮವಾರ ಮತ್ತೆ ಮೈ ಬಿಸಿಯಾದ್ರೆ ಹೇಳು. ಇನ್ಮೇಲೆ ನಂಗೆ ಬೇಕಾದಷ್ಟು ಪುರುಸೊತ್ತು.”

ನಗಿಸಲೆಂದೇ ಅಂದದ್ದು. ಇಬ್ಬರೂ ನಗಲಿಲ್ಲ. ಅವನು ಮೆಟ್ಟಿಲಿಳಿದು ಹೋಗುವ ಸದ್ದು ಮುಗಿಯುವವರೆಗೆ ಅವಳು ಬಾಗಿಲು ಹಿಡಿದು ನಿಂತಿದ್ದಳು. ಅಡುಗೆಮನೆಯ ಮೇಜಿನ ಮೇಲೆ ಅವಳ ಪಾಲಿನ ಸೆಮ್ಲಾ ಇತ್ತು. ಚಿಕ್ಕಂದಿನಂತೆಯೇ ಅಣ್ಣ ಕೆನೆಯನ್ನೆಲ್ಲ ನೆಕ್ಕಿ, ಬರಿ ಬನ್ನನ್ನು ಮುಚ್ಚಿಟ್ಟಿದ್ದ. ಅವಳು ನಿಂತೇ ಅದನ್ನು ತಿಂದಳು. ಆಮೇಲೆ ಬಚ್ಚಲಿಗೆ ಹೋಗಿ ಹಿಮದ ದಿರಿಸಿನ ಕಾಲು ಮುಟ್ಟಿ ನೋಡಿದಳು. ಇನ್ನೂ ಒದ್ದೆಯಾಗಿತ್ತು.