ಬಚ್ಚಲ ನೀರಿಗೆ ಹುಟ್ಟಿದ ಬಳ್ಳಿ

ಸೋರೆಕಾಯಿ, ಹೀರೆಕಾಯಿ, ಸೌತೆಕಾಯಿ ಯಾವುದೇ ಇರಲಿ, ಹೆಚ್ಚುವ ಮೊದಲು ತೊಟ್ಟಿನ ಕಡೆಯಿಂದ ಉಗುರಿನಷ್ಟು ಚೂರು ಕತ್ತರಿಸಿ ನಾಲಿಗೆಯ ತುದಿಗೆ ಇಟ್ಟುಕೊಂಡು ಆಯಿ ಎಡಗಣ್ಣು ಮುಚ್ಚುತ್ತಿದ್ದಳು. ಕಣ್ಣು ತೆರೆದಳೆಂದರೆ ಅಡುಗೆ ಮುಂದುವರಿಯಬಹುದು. ತೆರೆಯದೆ ಹೊರಳಿ ಉಗುಳಿದಳೆಂದರೆ ಆ ಕಾಯಿ ತಿಪ್ಪೆಗೆ. ಸಂತೆಯಲ್ಲಿ ಎಷ್ಟೇ ದುಡ್ಡು ಕೊಟ್ಟು ತಂದಿದ್ದರೂ ಅಷ್ಟೇ.

ಬೀದರಿನ ಮೈಲೂರಿನಲ್ಲಿ ನಮ್ಮ ಮನೆಯ ಎದುರು ಮನೆಯ ಮುದುಕಿ ಆಕೆ, ಎಲ್ಲರೂ ಆಯಿ ಎನ್ನುತ್ತಿದ್ದರು. ಡಾಬಕಾದ ಕುರಿ ಸಾಕುವವರ ಮನೆಯಲ್ಲಿ ಹುಟ್ಟಿ, ಅಲ್ಲೇ ಹೊಲ ಮಾಡಿ, ಮಗಳಿಗೆ ಬೀದರಿನ ದವಾಖಾನೆಯಲ್ಲಿ ನರ್ಸ್ ಕೆಲಸ ಸಿಕ್ಕ ಮೇಲೆ ಇಲ್ಲಿಗೆ ಬಂದಿದ್ದಳು. ನಾನು ಭಾಲ್ಕಿಯ ಸಾಲೆಯಲ್ಲಿ ಗಣಿತ ಕಲಿಸುವವಳು, ಸುತ್ತಿನವರಿಗೆಲ್ಲ ಅಕ್ಕೋರು. "ಲೆಕ್ಕ ಕಲಿಸ್ತಾಳ, ಉಪ್ಪು ಎಷ್ಟು ಹಾಕಬೇಕು ಗೊತ್ತಿಲ್ಲ" ಎಂದು ಓಣಿಯಲ್ಲೆಲ್ಲ ನನ್ನನ್ನು ಆಡಿಕೊಳ್ಳುತ್ತಿದ್ದಳು. ನನ್ನ ಅಡುಗೆ ನೋಡಿದವರು ಯಾರೂ ಆ ಮಾತು ಅಲ್ಲಗಳೆಯಲಿಲ್ಲ.

ಈ ಚೂರಿನ ಕಥೆಯನ್ನು ಆಕೆ ನನಗೆ ಒಂದೇ ಸಲ ಹೇಳಿದ್ದು. ಆಕೆ ಚಿಕ್ಕವಳಿದ್ದಾಗ ಕುರಿ ದೊಡ್ಡಿಯ ಬೇಲಿಗೆ ತಾನೇ ಒಂದು ಬಳ್ಳಿ ಹುಟ್ಟಿ ಹಬ್ಬಿತ್ತಂತೆ. ನೋಡಿದವರೆಲ್ಲ ಸೋರೆ ಎಂದರು, ಸೋರೆಯೇ ಆಗಿತ್ತು. ಪಲ್ಯ ಮಾಡಿದರು. "ನಾ ಕಹಿ ಅಂತ ಉಗುಳಿದೆ. ನನ್ನ ತಮ್ಮ ಹಸ್ತಿದ್ದ, ಉಗುಳಲಿಲ್ಲ" ಎಂದಳು. ತಮ್ಮನಿಗೆ ಏನಾಯಿತು ಎಂದು ನಾನು ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ.

ಕೊನೆಯ ಎರಡು ವರ್ಷ ಆಯಿ ಚೂರನ್ನು ತಾನು ಬಾಯಿಗಿಡದೆ ನನ್ನ ಕಡೆಗೆ ಚಾಚುತ್ತಿದ್ದಳು. "ನನಗ ಗೊತ್ತದ. ನೀ ಕಲಿ" ಎನ್ನುತ್ತಿದ್ದಳು. ನನ್ನನ್ನು ಶಿಷ್ಯಳನ್ನಾಗಿ ಮಾಡಿಕೊಂಡಿದ್ದಾಳೆ ಎಂದು ನಾನು ಒಳಗೊಳಗೆ ಉಬ್ಬಿದ್ದೆ.

ಹೋದ ಮಳೆಗಾಲದಲ್ಲಿ ನಮ್ಮ ಹಿತ್ತಿಲಲ್ಲಿ, ಬಚ್ಚಲ ನೀರು ಹೋಗುವ ಕಡೆ, ಯಾರೂ ಬೀಜ ಹಾಕದೆ ಒಂದು ಬಳ್ಳಿ ಎದ್ದಿತು. ನಮ್ಮ ಮನೆಯವರು ಕುಂಬಳ ಎಂದರು. ಅತ್ತೆ ಹೀರೆ ಎಂದರು. ನಾನು ಎಲೆಯ ಫೋಟೊ ತೆಗೆದು ಫೋನಿಗೆ ಕೇಳಿದೆ. ಸೋರೆಕಾಯಿ ಎಂದಿತು. ಸಂಜೆ ಬಿಳಿ ಹೂ ಬಿಟ್ಟಾಗ ಅದೇ ಖಾತ್ರಿಯಾಯಿತು. ಗೆದ್ದವಳ ಹಾಗೆ ಆಯಿಯನ್ನು ಕರೆದು ತೋರಿಸಿದೆ.

ಆಯಿ ಎಲೆಯೊಂದನ್ನು ಅಂಗೈಯಲ್ಲಿ ತಿಕ್ಕಿ ಮೂಗಿಗೆ ಹಿಡಿದಳು. ಬಹಳ ಹೊತ್ತು ಹಿಡಿದೇ ಇದ್ದಳು. ಆಮೇಲೆ ನನ್ನ ಮೂಗಿಗೆ ಹಿಡಿದು, "ಏನ್ ವಾಸ್ನಿ ಬರ್ತದ?" ಎಂದು ಕೇಳಿದಳು.

"ಎಲಿ ವಾಸ್ನಿ ಆಯಿ. ಸೋರಿ ಅದ, ಫೋನೇ ಹೇಳ್ಯದ."

"ಫೋನ್ ಹೆಸರ ಹೇಳ್ತದ. ಗುಣ ಯಾರ ಹೇಳ್ತಾರ? ತಾನೇ ಹುಟ್ಟಿದ್ದು ಯಾವ ಬೀಜ, ಯಾವ ಹೂವಿನ ಕೂಡಿಕಿ, ಯಾರಿಗೆ ಗೊತ್ತದ? ಕಾಯಿ ಬಿಟ್ಟರ ಮೊದಲ ಕಚ್ಚಿ ನೋಡು. ನೋಡದ ಒಲಿ ಮ್ಯಾಲ ಇಡಬ್ಯಾಡ."

ಹೋಗುವಾಗ ಮತ್ತೆ ತಿರುಗಿ ನಿಂತಳು. ಓಣಿಯ ಆಡು ಮುರಿದ ಬೇಲಿಯಿಂದ ಹಿತ್ತಿಲಿಗೆ ನುಗ್ಗಿ ನನ್ನ ಮೆಂತ್ಯ, ಪುಂಡಿ ಸೊಪ್ಪು ಎಲ್ಲ ಸವರಿ ಹೋಗಿತ್ತು. ಬಳ್ಳಿ ಮಾತ್ರ ಹಾಗೇ ಇತ್ತು. "ಆಡು ಮುಟ್ಟದ ಸೊಪ್ಪಿಲ್ಲ ಅಂತಾರ" ಎಂದು ಅರ್ಧ ಮಾತಾಡಿ ಆಯಿ ತನ್ನ ಮನೆಗೆ ನಡೆದಳು. ನನಗೆ ಯಾಕೋ ಸಣ್ಣಗೆ ಭಯವಾಯಿತು. ಮರುದಿನ ಸಾಲೆಯ ಗದ್ದಲದಲ್ಲಿ ಮರೆತೆ.

ಒಂದು ರವಿವಾರ ಬೆಳಗ್ಗೆ ಮೊದಲ ಕಾಯಿ ಕೊಯ್ದೆ. ಎಳೆಯದು, ತಿಳಿಹಸಿರು, ನೋಡಲು ಚೆಂದ. ಅರ್ಧ ಆಯಿಗೆಂದು ಕತ್ತರಿಸಿದೆ. ತನ್ನ ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಯಾರೋ ಹೇಳಿದ್ದರಿಂದ ಆಕೆ ದಿನಾ ಒಂದು ಲೋಟ ಸೋರೆಕಾಯಿ ರಸ ಕುಡಿಯುತ್ತಿದ್ದಳು. ಚೂರು ಕತ್ತರಿಸಿ ಕೈಯಲ್ಲಿ ಹಿಡಿದೂ ಇದ್ದೆ. ಆದರೆ ಬಚ್ಚಲ ನೀರು ಕುಡಿದು ಬೆಳೆದ ಕಾಯಿ, ಹಸಿಯಾಗಿ ಬಾಯಿಗಿಡಲು ಹೇಸಿಗೆ ಅನ್ನಿಸಿತು. ಚೂರನ್ನು ಕಸದ ಬುಟ್ಟಿಗೆ ಹಾಕಿದೆ. ನನಗೆ ಹೇಸಿಗೆಯಾದದ್ದನ್ನು ಆಕೆಗೆ ಕೊಡಲು ಹೇಸಲಿಲ್ಲ, ಈಗ ನೆನೆದರೆ ನನ್ನ ಬಗ್ಗೆ ನನಗೇ ಅಸಹ್ಯವಾಗುತ್ತದೆ.

ಅರ್ಧ ಕಾಯಿ ಒಯ್ದು ಕೊಟ್ಟಾಗ ಆಯಿ ಬಾಗಿಲಲ್ಲೇ ಕೇಳಿದಳು: "ಕಚ್ಚಿ ನೋಡಿದೇನ?"

"ನೋಡೀನಿ ಆಯಿ. ಸಿಹಿ ಅದ."

ತಾಸೂ ಆಗಿರಲಿಲ್ಲ. ನಾನು ಉಳಿದರ್ಧ ಹೆಚ್ಚಿ ತಾಟಿನಲ್ಲಿ ಹಾಕಿಕೊಂಡು ಒಲೆ ಹಚ್ಚಿದ್ದೆ. ಆಯಿ ಗೋಡೆ ಹಿಡಿದುಕೊಂಡು ಒಳಗೆ ಬಂದಳು. ಸೆರಗಿನಿಂದ ಬಾಯಿ ಒತ್ತಿಕೊಂಡಿದ್ದಳು, ಸೆರಗಿನಲ್ಲಿ ರಕ್ತದ ಕಲೆಯಿತ್ತು. ನನ್ನ ಮುಖವನ್ನೂ ನೋಡದೆ ತಾಟನ್ನು ಎತ್ತಿ ಹಿತ್ತಿಲಿಗೆ ಒಗೆದಳು.

"ಯಾರ್ಯಾರು ತಿಂದೀರಿ?"

"ಯಾರೂ ತಿಂದಿಲ್ಲ ಆಯಿ."

ಅಷ್ಟು ಕೇಳಿದ ಮೇಲೆಯೇ ಆಕೆ ಹೊಸ್ತಿಲ ಮೇಲೆ ಕುಸಿದು ಕುಳಿತದ್ದು. "ನೀ ಕಚ್ಚಿ ನೋಡಿಲ್ಲ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ನೋಡಿದ್ದರ ನನಗ ಕೊಡ್ತಿರಲಿಲ್ಲ. ನನಗ ಎರಡು ವರ್ಷದ ಹಿಂದ ಊರಿಗೆಲ್ಲ ಬಂದ ಆ ಜ್ವರ ಬಂದು ಹೋದಾಗಿಂದ ರುಚಿನೂ ಇಲ್ಲ, ವಾಸ್ನಿನೂ ಇಲ್ಲ. ಮಗಳಿಗೆ ಹೇಳಬ್ಯಾಡ, ನನ್ನ ಕೈಯಾಗಿಂದ ಒಲಿ ಕಸಗೋತಾಳ."

ಎರಡು ವರ್ಷ ಚೂರು ನನ್ನ ಕಡೆಗೆ ಚಾಚಿದ್ದು ಕಲಿಸಲಿಕ್ಕಲ್ಲ. ನನ್ನ ನಾಲಿಗೆಯನ್ನು ನಂಬಿ ಆಕೆ ಉಣ್ಣುತ್ತಿದ್ದಳು.

ಆಟೋದಲ್ಲಿ ದವಾಖಾನೆಗೆ ಒಯ್ದೆವು. ಡಾಕ್ಟರಿಗೆ ಆಯಿಯೇ ನೆಟ್ಟಗೆ ಹೇಳಿದಳು, ಕಹಿ ಸೋರಿ ರಸ, ಒಂದು ಲೋಟ. ಇದಕ್ಕೆ ಬೇರೆ ಮದ್ದಿಲ್ಲ, ಸಲೈನ್ ಹಚ್ಚಿ ಕಾಯಬೇಕು, ವಯಸ್ಸು ಬೇರೆ ಆಗಿದೆ ಎಂದರು. ಡ್ಯೂಟಿಯಲ್ಲಿದ್ದ ಮಗಳು ಓಡಿ ಬಂದಳು. "ಕಹಿ ಇದ್ದದ್ದು ಹ್ಯಾಂಗ ಕುಡಿದಿ ಆಯಿ? ಯಾರೂ ನೋಡಲಿಲ್ಲೇನು?" ಎಂದು ಕೇಳಿದಳು.

ನಾನು ಮಂಚದ ಕಾಲ ಕಡೆ ನಿಂತಿದ್ದೆ. ಆಯಿ ನನ್ನ ಕಡೆ ನೋಡಲಿಲ್ಲ. "ಅಕ್ಕೋರು ನೋಡೇ ಕೊಟ್ಟಾರ. ಅವರು ಕಚ್ಚಿದ ತುದಿ ಸಿಹಿ ಇತ್ತು. ನನ್ನ ಪಾಲಿಗೆ ಕಹಿ ಬಂತು" ಎಂದಳು. ನನ್ನೆದುರು ಮತ್ತೆ ಆ ಮಾತು ಎತ್ತಲಿಲ್ಲ.

ಮೂರನೆಯ ದಿನ ಹೋದಳು. ಡಾಬಕಾದ ಹೊಲದಲ್ಲಿ ಮಣ್ಣು ಮಾಡಿದರು. ವಾಪಸು ಬರುವಾಗ ಔರಾದ ದಾಟಿದ ಮೇಲೆ ಮಗಳು ಜೀಪಿನಲ್ಲಿ ನನ್ನ ಕೈ ಹಿಡಿದುಕೊಂಡಳು. "ಅಕ್ಕೋರ, ನೀವು ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ. ನೀವು ನೋಡೇ ಕೊಟ್ಟೀರಿ ಅಂತ ಆಯಿ ಸಾಯೋತನಕ ಹೇಳ್ಯಾಳ್ರಿ."

ನಾನು ತಲೆಯಾಡಿಸಿದೆ. ಆಯಿಯ ಗುಟ್ಟು ಕಾಯುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಕಾದದ್ದು ನನ್ನದನ್ನು.

ನಮ್ಮ ಮನೆಯಲ್ಲಿ ಅತ್ತೆ, ನಮ್ಮವರು, ನಾನು ಇವತ್ತು ಉಣ್ಣುತ್ತಿರುವುದು ಆಯಿ ಆ ತಾಟನ್ನು ಒಗೆದದ್ದಕ್ಕೆ. ಓಣಿಯಲ್ಲಿ ನಾನು ತಲೆ ಎತ್ತಿ ಓಡಾಡುತ್ತಿರುವುದು ಆಕೆ ಹೇಳಿದ ಸುಳ್ಳಿನಿಂದ. ಮಗಳಿಗೆ ನನ್ನ ಮೇಲೆ ಮೊದಲಿಗಿಂತ ಹೆಚ್ಚು ವಿಶ್ವಾಸ. ದಿನಾ ಡ್ಯೂಟಿಗೆ ಹೋಗುವಾಗ ಮನೆಯ ಕೀಲಿ ನನ್ನ ಕೈಯಲ್ಲೇ ಕೊಟ್ಟು ಹೋಗುತ್ತಾಳೆ. ಇವತ್ತೂ ಕೊಟ್ಟು ಹೋಗಿದ್ದಾಳೆ. ಸಂಜೆ ಕೀಲಿ ಕೇಳಲು ಬಂದಾಗ ಈ ಹಾಳೆಗಳನ್ನೂ ಅದರ ಜೊತೆಗೆ ಕೊಡಬೇಕೆಂದು ಕುಳಿತಿದ್ದೇನೆ. ಆಕೆ ಬರುವ ಹೊತ್ತಾಯಿತು.